ಲಿವರ್ ಗಡ್ಡೆಗೆ ಎಣ್ಣೆ ಹಾಕುವ ಕೆಲಸ: ನನ್ನ ಅನುಭವ

ಲಿವರ್‌ಗೆ ರಕ್ತ ಎರಡು ದಾರಿಯಲ್ಲಿ ಬರುತ್ತದೆ. ಮುಕ್ಕಾಲು ಪಾಲು ಕರುಳಿನ ಕಡೆಯಿಂದ ಪೋರ್ಟಲ್ ವೇನ್ ಎಂಬ ರಕ್ತನಾಳದ ಮೂಲಕ, ಉಳಿದದ್ದು ಹೆಪಾಟಿಕ್ ಆರ್ಟರಿ, ಅಂದರೆ ಲಿವರ್‌ನ ಅಪಧಮನಿಯಿಂದ. ಆದರೆ ಲಿವರ್‌ನಲ್ಲೇ ಹುಟ್ಟಿದ ಕ್ಯಾನ್ಸರ್ ಗಡ್ಡೆ ಬದುಕುವುದು ಹೆಚ್ಚಾಗಿ ಆರ್ಟರಿಯ ರಕ್ತದ ಮೇಲೆ. ಇಂಟರ್ವೆನ್ಷನಲ್ ರೇಡಿಯಾಲಜಿಸ್ಟ್ (ಎಕ್ಸ್‌ರೇ ಪರದೆ ನೋಡುತ್ತಾ ರಕ್ತನಾಳದ ಒಳಗಿಂದ ಚಿಕಿತ್ಸೆ ಮಾಡುವ ವೈದ್ಯ) ಆದ ನನಗೆ ಈ ವ್ಯತ್ಯಾಸವೇ ಬಂಡವಾಳ. ಆಪರೇಷನ್‌ನಲ್ಲಿ ತೆಗೆಯಲಾಗದ, ಸೂಜಿ ಚುಚ್ಚಿ ಸುಡಲೂ ಆಗದ ಗಡ್ಡೆ ಇರುವವರಿಗೆ ನಾನು ಮಾಡುವ ಚಿಕಿತ್ಸೆಯ ಹೆಸರು ಟೇಸ್ (TACE). ಆರ್ಟರಿಯ ಮೂಲಕ ಗಡ್ಡೆಗೆ ಕ್ಯಾನ್ಸರ್ ಔಷಧಿ ಬೆರೆಸಿದ ಎಣ್ಣೆ ಹಾಕಿ, ಆಮೇಲೆ ಆ ರಕ್ತದ ದಾರಿಯನ್ನೇ ಮುಚ್ಚುವುದು.

ಬಳಸುವ ಎಣ್ಣೆ ಲಿಪಿಯೋಡಾಲ್. ಗಸಗಸೆ ಎಣ್ಣೆಗೆ ಅಯೋಡಿನ್ ಕೂಡಿಸಿ ಮಾಡಿದ್ದು, ಒಂದು ಎಂಎಲ್‌ಗೆ 480 ಮಿಲಿಗ್ರಾಂ ಅಯೋಡಿನ್. "ಪಾಯಸಕ್ಕೆ ಹಾಕೋ ಗಸಗಸೆನಾ ಸಾರ್?" ಅಂತ ರೋಗಿಯ ಕಡೆಯವರು ಕೇಳುತ್ತಾರೆ. ಹೌದು, ಅದೇ. 1901ರಲ್ಲಿ ಫ್ರಾನ್ಸ್‌ನ ಮಾರ್ಸೆಲ್ ಗೆರ್ಬೆ ತಯಾರಿಸಿದ್ದು. ಕ್ಯಾನ್ಸರ್‌ಗೆ ಬಳಸುವ ದಾರಿ ತೋರಿಸಿದವರು 1980ರ ದಶಕದ ಜಪಾನಿ ವೈದ್ಯರು. ಒಳ್ಳೆಯ ಲಿವರ್ ಈ ಎಣ್ಣೆಯನ್ನು ಕೆಲವೇ ವಾರಗಳಲ್ಲಿ ಹೊರಹಾಕುತ್ತದೆ. ಗಡ್ಡೆಯಲ್ಲಿ ಅದನ್ನು ನುಂಗಿ ಸಾಗಿಸುವ ಕುಪ್ಫರ್ ಕೋಶಗಳು ಇರುವುದಿಲ್ಲ, ಹಾಗಾಗಿ ಎಣ್ಣೆ ತಿಂಗಳುಗಟ್ಟಲೆ ಅಲ್ಲೇ ಕೂತಿರುತ್ತದೆ.

ರೋಗಿ ಎಚ್ಚರವಾಗಿಯೇ ಇರುತ್ತಾರೆ. ತೊಡೆಸಂದಿಗೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು ಅಲ್ಲಿನ ರಕ್ತನಾಳಕ್ಕೆ ಕ್ಯಾತಿಟರ್ ಅನ್ನುವ ಸಣ್ಣ ಕೊಳವೆ ತೂರಿಸುತ್ತೇನೆ. ಅದರೊಳಗಿಂದ ಇನ್ನೂ ಸಣ್ಣ ಮೈಕ್ರೋಕ್ಯಾತಿಟರ್. ಗಡ್ಡೆಗೆ ಹೋಗುವ ಕವಲನ್ನು ಹುಡುಕುವುದರಲ್ಲೇ ಹೆಚ್ಚು ಹೊತ್ತು ಹೋಗುತ್ತದೆ. ಇಲ್ಲಿ ಆತುರ ಮಾಡಿದರೆ ಔಷಧಿ ಒಳ್ಳೆಯ ಲಿವರ್‌ಗೂ ಬೀಳುತ್ತದೆ. ಈ ರೋಗಿಗಳಲ್ಲಿ ಬಹಳ ಜನರಿಗೆ ಮೊದಲೇ ಸಿರೋಸಿಸ್ (ಲಿವರ್ ಕಲೆಗಟ್ಟಿ ಗಟ್ಟಿಯಾಗುವ ಕಾಯಿಲೆ), ಹಾಗಾಗಿ ಉಳಿದಿರುವ ಒಳ್ಳೆಯ ಭಾಗವೇ ಅವರ ಆಸ್ತಿ.

ಆಮೇಲೆ ಬೆರೆಸುವ ಕೆಲಸ. 50 ಮಿಲಿಗ್ರಾಂ ಡಾಕ್ಸೋರುಬಿಸಿನ್ ಎಂಬ ಕ್ಯಾನ್ಸರ್ ಔಷಧಿಯ ಪುಡಿಯನ್ನು ಸುಮ್ನೆ ನೀರಲ್ಲಿ ಕರಗಿಸುವುದಿಲ್ಲ, ಕಾಂಟ್ರಾಸ್ಟ್‌ನಲ್ಲಿ (ಎಕ್ಸ್‌ರೇಯಲ್ಲಿ ಎದ್ದು ಕಾಣುವ ದ್ರವ) ಕರಗಿಸುತ್ತೇನೆ. ಆ ದ್ರವದ ತೂಕ ಎಣ್ಣೆಯ ತೂಕಕ್ಕೆ ಹತ್ತಿರವಾದರೆ ಎರಡೂ ಬೇಗ ಬೇರೆಯಾಗಲ್ಲ. ಒಂದು ಸಿರಿಂಜ್‌ನಲ್ಲಿ ಔಷಧಿ, ಇನ್ನೊಂದರಲ್ಲಿ ಅದರ ಎರಡರಷ್ಟು ಎಣ್ಣೆ, ನಡುವೆ ತ್ರೀವೇ, ಅಂದರೆ ಎರಡನ್ನೂ ಜೋಡಿಸುವ ಮೂರು ಬಾಯಿಯ ಪ್ಲಾಸ್ಟಿಕ್ ನಲ್ಲಿ. ಮೊದಲ ತಳ್ಳು ಔಷಧಿಯದು, ಎಣ್ಣೆಯೊಳಕ್ಕೆ. ಆಗ ಎಣ್ಣೆಯ ಒಳಗೆ ಔಷಧಿಯ ಹನಿಗಳು ಕೂರುತ್ತವೆ. ಆಮೇಲೆ ಮಜ್ಜಿಗೆ ಕಡೆದ ಹಾಗೆ ಅತ್ತಿಂದಿತ್ತ, ಇತ್ತಿಂದತ್ತ. ತ್ರೀವೇ ಯಾವುದಾದರೂ ಆದೀತು ಅಂದುಕೊಳ್ಳಬೇಡಿ. ಕೆಲವು ಪ್ಲಾಸ್ಟಿಕ್ ಈ ಎಣ್ಣೆ ತಾಗಿದರೆ ಬಿರುಕು ಬಿಡುತ್ತದೆ.

ಹಾಕುವುದು ತೀರಾ ನಿಧಾನ, ಎಕ್ಸ್‌ರೇ ಪರದೆಯ ಮೇಲಿಂದ ಕಣ್ಣು ತೆಗೆಯುವಂತಿಲ್ಲ. ಗಡ್ಡೆ ಕಪ್ಪಾಗುತ್ತಾ ತುಂಬುತ್ತದೆ. ಸುತ್ತಲಿನ ಪೋರ್ಟಲ್ ವೇನ್‌ನ ಎಳೆಗಳೂ ಕಾಣತೊಡಗಿದರೆ ಸಾಕು ಅಂತ ಅರ್ಥ. ಸಾಮಾನ್ಯವಾಗಿ 15 ಎಂಎಲ್ ಎಣ್ಣೆ ದಾಟುವುದಿಲ್ಲ. ಜಾಸ್ತಿಯಾದರೆ ಶ್ವಾಸಕೋಶಕ್ಕೆ ಹೋಗುವ ಅಪಾಯ ಇದೆ. ಕೊನೆಗೆ ಜೆಲ್‌ಫೋಮ್ (ಜೆಲಟಿನ್ ಸ್ಪಂಜು) ಚೂರುಗಳಿಂದ ಆ ಕವಲನ್ನು ಮುಚ್ಚುತ್ತೇನೆ. ಎಷ್ಟೋ ಜನ ಈ ಹೊತ್ತಿಗೆ "ಬಲಗಡೆ ಹೊಟ್ಟೆ ಹಿಡಿದ ಹಾಗಿದೆ" ಅನ್ನುತ್ತಾರೆ. ಸಿಸ್ಟರ್ ನೋವಿನ ಇಂಜೆಕ್ಷನ್ ತಯಾರಿಟ್ಟುಕೊಂಡೇ ಇರುತ್ತಾರೆ. ಮುಂದಿನ ಕೆಲವು ದಿನ ಜ್ವರ, ವಾಕರಿಕೆ ಇದ್ದದ್ದೇ. ಮೊದಲೇ ಹೇಳಿಟ್ಟರೆ ಮನೆಯವರು ಗಾಬರಿಯಾಗಲ್ಲ.

2002ರಲ್ಲಿ ಬಾರ್ಸಿಲೋನಾ ಮತ್ತು ಹಾಂಗ್‌ಕಾಂಗ್‌ನ ಎರಡು ಅಧ್ಯಯನಗಳು ಇದರಿಂದ ಆಯುಷ್ಯ ಹೆಚ್ಚುತ್ತದೆ ಎಂದು ತೋರಿಸಿದವು. ಆದರೆ ಆರಿಸಿದ ರೋಗಿಗಳಲ್ಲಿ, ಅಲ್ವಾ? ಕಾಮಾಲೆ ಏರುತ್ತಿದ್ದರೆ, ಹೊಟ್ಟೆಯಲ್ಲಿ ತುಂಬಾ ನೀರಿದ್ದರೆ ನಾನು ಕೈ ಹಾಕುವುದಿಲ್ಲ. "ಏನಾದ್ರೂ ಮಾಡಿ ಸಾರ್" ಅಂತ ಮಗ ಕೈ ಮುಗಿದರೂ ಅಷ್ಟೇ. ಲಿವರ್ ಅದನ್ನು ತಾಳಲ್ಲ.

ತಿಂಗಳ ನಂತರ ಸ್ಕ್ಯಾನ್. ಸಿಟಿಯಲ್ಲಿ ಎಣ್ಣೆ ಬೆಳ್ಳಗೆ ಕಾಣುತ್ತದೆ. ಗಡ್ಡೆ ಪೂರ್ತಿ ತುಂಬಿದ್ದರೆ ಖುಷಿ, ನಡುವೆ ಖಾಲಿ ಜಾಗ ಇದ್ದರೆ ಅಲ್ಲಿ ಜೀವ ಉಳಿದಿರಬಹುದು. ಆ ಬಿಳುಪೇ ಒಮ್ಮೊಮ್ಮೆ ಉಳಿದ ಗಡ್ಡೆಯನ್ನು ಮರೆಮಾಡುತ್ತದೆ. ಅನುಮಾನ ಬಂದರೆ ಎಂಆರ್‌ಐ ಬರೆಯುತ್ತೇನೆ, ಅದಕ್ಕೆ ಎಣ್ಣೆಯ ಕಾಟ ಇಲ್ಲ. ಮತ್ತೊಮ್ಮೆ ಟೇಸ್ ಬೇಕೋ ಬೇಡವೋ ಅನ್ನೋದು ಆ ರಿಪೋರ್ಟ್ ಮತ್ತು ಬಿಲಿರುಬಿನ್ (ಕಾಮಾಲೆಯ ಮಟ್ಟ ತಿಳಿಸುವ ರಕ್ತ ಪರೀಕ್ಷೆ) ಎರಡನ್ನೂ ನೋಡಿದ ಮೇಲೆ.