ಹೊಟ್ಟೆ ಮುಟ್ಟುವ ಮೊದಲು ಕೈ ಬಿಸಿ ಮಾಡಿಕೊಳ್ಳಿ
ಬೇಸಿಗೆ ರಜೆಯಲ್ಲಿ ತಾಯಿ-ಮಕ್ಕಳ ವಾರ್ಡಿಗೆ ತರಬೇತಿಗೆ ಬರುವ ವೈದ್ಯ ವಿದ್ಯಾರ್ಥಿಗಳಿಗೆ

ಕಾಫಿ ಹೂ ಉದುರಿ ಮುಗಿಯುವ ಹೊತ್ತಿಗೆ ಕೊಡಗಿನ ಆಸ್ಪತ್ರೆಗಳಲ್ಲಿ ಹೊಸ ಬಿಳಿ ಕೋಟುಗಳು ಕಾಣಿಸಿಕೊಳ್ಳುತ್ತವೆ. ಮೈಸೂರು, ಮಂಗಳೂರು, ಬೆಂಗಳೂರಿನಲ್ಲಿ ಓದುವ ನಮ್ಮೂರಿನ ಮಕ್ಕಳು ಮೊದಲು ಬರುತ್ತಾರೆ. ಹೊರದೇಶಗಳಲ್ಲಿ ಓದುವವರು ಸ್ವಲ್ಪ ತಡವಾಗಿ, ಮಳೆ ಹಿಡಿದ ಮೇಲೆ ಬರುತ್ತಾರೆ. ಹೆರಿಗೆ ವಾರ್ಡಿನಲ್ಲಿ ಬಹುಕಾಲ ದುಡಿದ ನನಗೆ ಅವರ ಮೊದಲ ಪ್ರಶ್ನೆ ಬಾಯಿಪಾಠವಾಗಿದೆ: ‘ಸಿಸ್ಟರ್, ಇವತ್ತು ಹೆರಿಗೆ ಇದೆಯೇ?’

ಹೆರಿಗೆ ನೋಡಲೇಬೇಕು, ಬೇಡವೆನ್ನುವುದಿಲ್ಲ. ಆದರೆ ಹತ್ತು ಹೆರಿಗೆ ಎಣಿಸಿ ಹೋದವರಲ್ಲಿ ಎಷ್ಟೋ ಮಂದಿಗೆ ಬಸುರಿಯ ಹೊಟ್ಟೆಯ ಮೇಲೆ ಕೈಯಿಟ್ಟು ಮಗುವಿನ ತಲೆ ಎಲ್ಲಿದೆ ಎಂದು ಹೇಳಲು ಬಾರದು. ರಜೆಯಲ್ಲಿ ಕಲಿಯಬೇಕಾದದ್ದು ಅದನ್ನೇ. ಉಳಿದುದನ್ನು ಕಾಲೇಜು ಹೇಗೂ ಕಲಿಸುತ್ತದೆ.

ಹೊರಡುವ ಮೊದಲು

ಕಾಲೇಜಿನ ಪತ್ರ, ಆಸ್ಪತ್ರೆಯ ಮುಖ್ಯಸ್ಥರ ಲಿಖಿತ ಅನುಮತಿ, ಗುರುತಿನ ಚೀಟಿ, ಹೆಪಟೈಟಿಸ್ ಬಿ ಲಸಿಕೆ. ಇಷ್ಟೇ. ಮಾವನಿಗೆ ಪರಿಚಯದ ಡಾಕ್ಟರಿದ್ದಾರೆ ಎಂದು ಬರಿಗೈಯಲ್ಲಿ ಬರಬೇಡಿ.

ಎಲ್ಲಿಗೆ ಹೋಗಬೇಕು? ಮಡಿಕೇರಿಯ ಜಿಲ್ಲಾ ಆಸ್ಪತ್ರೆ 2016ರಲ್ಲಿ ಆರಂಭವಾದ ಕೊಡಗು ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಬೋಧಕ ಆಸ್ಪತ್ರೆ. ಅಲ್ಲಿ ರೋಗಿಗಳೂ ಹೆಚ್ಚು, ವಿದ್ಯಾರ್ಥಿಗಳೂ ಹೆಚ್ಚು. ಕೈಗೆ ಕೆಲಸ ಬೇಕಿದ್ದರೆ ವಿರಾಜಪೇಟೆ, ಸೋಮವಾರಪೇಟೆಯಂಥ ತಾಲ್ಲೂಕು ಆಸ್ಪತ್ರೆಗಳನ್ನು ಕೇಳಿ ನೋಡಿ. ನನ್ನ ಕೇಳಿದರೆ ಅರ್ಧ ಸಮಯ ಆಸ್ಪತ್ರೆ, ಅರ್ಧ ಸಮಯ ಪ್ರಾಥಮಿಕ ಆರೋಗ್ಯ ಕೇಂದ್ರ. ಆಶಾ ಕಾರ್ಯಕರ್ತೆಯ ಹಿಂದೆ ತೋಟದ ಕೆಲಸದವರ ಒಂದು ಲೈನ್ ಮನೆ ಸಾಲು, ಬುಡಕಟ್ಟು ಜನರ ಒಂದು ಹಾಡಿ ಸುತ್ತಿ ಬನ್ನಿ. ಪ್ರತಿ ತಿಂಗಳ 9ನೇ ತಾರೀಕನ್ನು ಮಾತ್ರ ತಪ್ಪಿಸಿಕೊಳ್ಳಬೇಡಿ: ಸುರಕ್ಷಿತ ಮಾತೃತ್ವ ಅಭಿಯಾನದಡಿ ಅಂದು ಗರ್ಭಿಣಿಯರ ತಪಾಸಣೆ ಇರುತ್ತದೆ, ಒಂದೇ ಬೆಳಗ್ಗೆ ಎಲ್ಲ ತಿಂಗಳ ಹೊಟ್ಟೆಗಳೂ ನೋಡಸಿಗುತ್ತವೆ.

ತಾರೀಕು ಕೇಳುವುದು

ತಾಯಿ ಕಾರ್ಡಿನಲ್ಲಿ ಬರೆದದ್ದನ್ನು ನಕಲು ಮಾಡಿ ಮುಂದೆ ಹೋಗುವುದು ಎಲ್ಲರೂ ಹಿಡಿಯುವ ಅಡ್ಡದಾರಿ. ಕಾರ್ಡನ್ನು ಮಡಚಿಟ್ಟು ನೀವೇ ಕೇಳಿ. ಕೊನೆಯ ಮುಟ್ಟಿನ ಮೊದಲ ದಿನ ಬೇಕು. ಕೆಲವರು ಮುಟ್ಟು ಕಳೆದು ತಲೆಗೆ ಸ್ನಾನ ಮಾಡಿದ ದಿನವನ್ನು ಹೇಳುತ್ತಾರೆ, ಇನ್ನು ಕೆಲವರು ಮುಟ್ಟು ನಿಂತ ತಿಂಗಳನ್ನು ಹೇಳುತ್ತಾರೆ. ತಾರೀಕು ನೆನಪಿಲ್ಲದವರಿಗೆ ಹಬ್ಬ ಹಿಡಿದು ಕೇಳಿ: ‘ಅಕ್ಕಾ, ಕೈಲ್ ಮುಹೂರ್ತಕ್ಕೆ ಮೊದಲೋ, ಆಮೇಲೋ? ತೀರ್ಥೋದ್ಭವದ ಹೊತ್ತಿಗೆ ಹೊರಗಾಗಿದ್ದಿರಾ?’ ತೋಟದ ಕೆಲಸದವರಿಗೆ ಬಟವಾಡೆಯ ದಿನ, ಸಂತೆಯ ದಿನ ನೆನಪಿರುತ್ತದೆ. ಅಸ್ಸಾಮಿನಿಂದ ಬಂದ ಹೆಣ್ಣುಮಕ್ಕಳಿಗೆ ನಮ್ಮ ಹಬ್ಬ ತಿಳಿಯದು. ಮೊಬೈಲಿನ ಕ್ಯಾಲೆಂಡರ್ ತೆರೆದು ತೋರಿಸಿ.

ಹೆರಿಗೆಯ ದಿನ ತಿಳಿಯಲು ಸಿಕ್ಕ ತಾರೀಕಿಗೆ ಒಂಬತ್ತು ತಿಂಗಳು, ಏಳು ದಿನ ಸೇರಿಸಿ. ಸೆಪ್ಟೆಂಬರ್ 3, ಅಂದರೆ ಕೈಲ್ ಮುಹೂರ್ತದಂದು ಮುಟ್ಟಾದವಳಿಗೆ ಜೂನ್ 10. ಲೆಕ್ಕ ಕೈಯಲ್ಲೇ ಮಾಡಿ. ಗರ್ಭದ ಲೆಕ್ಕ ಹೇಳುವ ಮೊಬೈಲ್ ಆ್ಯಪ್‌ಗಳಲ್ಲಿ ತಿಂಗಳು ಮೊದಲೋ ದಿನ ಮೊದಲೋ ಎಂದು ನೋಡದೆ ತುಂಬಿಸಿ, ಆರು ತಿಂಗಳ ಬಸುರಿಗೆ ಹೆರಿಗೆಯ ದಿನ ಮುಗಿದಿದೆ ಎಂದವರಿದ್ದಾರೆ. ಮುಟ್ಟು ಕ್ರಮವಾಗಿರದಿದ್ದರೆ ಮೊದಲ ಮೂರು ತಿಂಗಳೊಳಗಿನ ಸ್ಕ್ಯಾನಿಂಗ್ ವರದಿ ಹುಡುಕಿ; ತಾರೀಕಿಗೆ ಅದೇ ಹೆಚ್ಚು ನಂಬಿಕೆಯದು.

ಜೂನ್ 10 ಎಂದಾಗ ಇನ್ನೊಂದು ಪ್ರಶ್ನೆ ಕೇಳಲೇಬೇಕು: ಮನೆ ಎಲ್ಲಿ? ಭಾಗಮಂಡಲದ ಕಡೆಯವಳಾದರೆ ಮಳೆಗೆ ರಸ್ತೆ ಮುಳುಗುವ ಮೊದಲೇ ಆಸ್ಪತ್ರೆಗೆ ಹತ್ತಿರದ ನೆಂಟರ ಮನೆಗೆ ಬರುವ ಏರ್ಪಾಡು ಆಗಬೇಕು. ಇದನ್ನು ಟಿಪ್ಪಣಿಯಲ್ಲಿ ಬರೆದು ಡಾಕ್ಟರಿಗೆ ತೋರಿಸಿದ ವಿದ್ಯಾರ್ಥಿಯನ್ನು ಯಾವ ಡಾಕ್ಟರೂ ಮರೆಯುವುದಿಲ್ಲ.

ಹೊಟ್ಟೆ ಪರೀಕ್ಷೆ

ಕೆಡುವುದೆಲ್ಲ ಇಲ್ಲಿಯೇ. ಮೂತ್ರಕ್ಕೆ ಹೋಗಿ ಬಂದಿದ್ದಾರೆಯೇ ಕೇಳಿ. ಕೇಳದೆ ಮುಟ್ಟಿದರೆ ತುಂಬಿದ ಮೂತ್ರಕೋಶವನ್ನೇ ಮಗುವಿನ ತಲೆ ಎನ್ನುತ್ತೀರಿ, ಅವರಿಗೂ ನೋವು. ಪರದೆ ಎಳೆಯಿರಿ. ಗಂಡು ವಿದ್ಯಾರ್ಥಿಯಾದರೆ ಸಿಸ್ಟರ್ ಅಥವಾ ಆಶಾ ಕಾರ್ಯಕರ್ತೆ ಪಕ್ಕದಲ್ಲಿ ಇರಲೇಬೇಕು. ‘ಅಕ್ಕಾ, ಹೊಟ್ಟೆ ಮುಟ್ಟಿ ನೋಡಲೇ?’ ಎಂದು ಕೇಳಿ, ಅವರು ಹೂಂ ಎಂದ ಮೇಲೆ ಮಾತ್ರ ಮುಂದಿನದು. ಬೇಡ ಎಂದರೆ ಮುಖ ಸಿಂಡರಿಸದೆ ಹೊರಡಿ.

ಈಗ ಕೈ. ಬೇಸಿಗೆಯಲ್ಲೂ ಮಡಿಕೇರಿಯ ಬೆಳಗಿನಲ್ಲಿ ಬೆರಳು ತಣ್ಣಗಿರುತ್ತದೆ. ಅದರ ಮೇಲೆ ಸ್ಯಾನಿಟೈಸರ್ ಸುರಿದುಕೊಂಡು ಹಾಗೆಯೇ ಹೊಟ್ಟೆಗೆ ಇಟ್ಟರೆ ಸ್ನಾಯು ಬಿಗಿಯುತ್ತದೆ, ಆಮೇಲೆ ಒಳಗಿನದೇನೂ ಕೈಗೆ ಸಿಗುವುದಿಲ್ಲ. ಸೋಪಿನಿಂದ ತೊಳೆದು, ಒರೆಸಿ, ಅಂಗೈ ಉಜ್ಜಿ ಬಿಸಿ ಮಾಡಿಕೊಳ್ಳಿ. ಉಗುರು ಕತ್ತರಿಸಿರಲಿ. ಅವರ ಬಲಕ್ಕೆ ನಿಲ್ಲಿ, ಮಂಡಿ ಸ್ವಲ್ಪ ಮಡಚಲು ಹೇಳಿ. ಮುಟ್ಟುವ ಮೊದಲು ನೋಡಿ: ಹಳೆಯ ಸಿಸೇರಿಯನ್ ಗಾಯ, ಹೊಟ್ಟೆಯ ಆಕಾರ, ಮಗುವಿನ ಚಲನೆ.

ಮೊದಲು ಎತ್ತರ. ಗರ್ಭಕೋಶ ಸಾಮಾನ್ಯವಾಗಿ ಬಲಕ್ಕೆ ವಾಲಿರುತ್ತದೆ, ಅದನ್ನು ಮೆಲ್ಲಗೆ ನಡುವಿಗೆ ತನ್ನಿ. ಕಾಲು ಚಾಚಿಸಿ, ಹೊಟ್ಟೆಯ ಕೆಳಗಿನ ಮೂಳೆಯ ಮೇಲಂಚಿನಿಂದ ಗರ್ಭಕೋಶದ ತುದಿಯವರೆಗೆ ಟೇಪು ಹಿಡಿಯಿರಿ. ಅಂಕಿಗಳಿರುವ ಬದಿ ಕೆಳಗಿರಲಿ, ಅಳತೆ ಹಿಡಿದ ಮೇಲೆ ತಿರುಗಿಸಿ ಓದಿ. ಅಂಕಿ ಕಾಣುತ್ತಿದ್ದರೆ ಬೆರಳು ತಾನಾಗಿ ಬೇಕಾದ ಸೆಂಟಿಮೀಟರಿಗೆ ಜಾರುತ್ತದೆ. ದರ್ಜಿಯ ಬಟ್ಟೆ ಟೇಪು ಬೇಡವೇ ಬೇಡ, ಬಳಸಿ ಬಳಸಿ ಹಿಗ್ಗಿರುತ್ತದೆ. 24ರಿಂದ 36 ವಾರಗಳ ನಡುವೆ ಸೆಂಟಿಮೀಟರೂ ವಾರವೂ ಹೆಚ್ಚುಕಡಿಮೆ ಒಂದೇ, ಎರಡರಷ್ಟು ಆಚೀಚೆ ಇರಬಹುದು. ನಮ್ಮ ಕೈಲ್ ಮುಹೂರ್ತದ ಅಕ್ಕನಿಗೆ ಮೇ 13ಕ್ಕೆ ಸರಿಯಾಗಿ 36 ವಾರ. ಟೇಪು 31 ಎಂದರೆ ‘ಮಗು ಬೆಳೆದಿಲ್ಲ’ ಎಂದು ಅವರೆದುರೇ ಉದ್ಗರಿಸಬೇಡಿ. ಮೊದಲು ತಾರೀಕು ಮತ್ತೆ ಕೇಳಿ, ಮತ್ತೆ ಅಳೆಯಿರಿ, ಆಮೇಲೂ ವ್ಯತ್ಯಾಸವಿದ್ದರೆ ಡಾಕ್ಟರಿಗೆ ಹೇಳಿ. ದಿನ ತುಂಬಿದಾಗ ತಲೆ ಕೆಳಗಿಳಿದು ಎತ್ತರ ಕಡಿಮೆಯಾಗುವುದುಂಟು, ಅದಕ್ಕೂ ಗಾಬರಿಯಾಗಬೇಡಿ.

ಮತ್ತೆ ಮಂಡಿ ಮಡಚಿಸಿ. ಎರಡೂ ಅಂಗೈಯಿಂದ ಮೇಲ್ತುದಿಯನ್ನು ಬಳಸಿ ಹಿಡಿಯಿರಿ. ಅಗಲವಾಗಿ, ಮೆತ್ತಗೆ ಸಿಕ್ಕಿದರೆ ಕುಂಡೆ. ಗಟ್ಟಿಯಾಗಿ, ದುಂಡಗೆ, ತಟ್ಟಿದರೆ ಆಚೀಚೆ ಆಡಿದರೆ ತಲೆ. ನಂತರ ಕೈಗಳು ಎರಡು ಬದಿಗೆ. ಎರಡನ್ನೂ ಒಟ್ಟಿಗೆ ಒತ್ತುವುದೇ ಎಲ್ಲರ ತಪ್ಪು. ಒಂದು ಕೈ ಸುಮ್ಮನೆ ತಡೆದು ನಿಲ್ಲಲಿ, ಇನ್ನೊಂದು ಮಾತ್ರ ಹುಡುಕಲಿ, ಆಮೇಲೆ ಕೈ ಬದಲಿಸಿ. ನಯವಾಗಿ ಬಾಗಿ ಉದ್ದಕ್ಕೆ ಸಿಗುವುದು ಬೆನ್ನು. ಗಂಟುಗಂಟಾಗಿ ಜಾರುವುದು ಕೈಕಾಲು. ಬೆರಳ ತುದಿಯಿಂದ ಚುಚ್ಚಬೇಡಿ, ಬೆರಳುಗಳ ಚಪ್ಪಟೆ ಭಾಗದಿಂದ ಅರಿಯಿರಿ. ಕೆಳಹೊಟ್ಟೆಯ ಹಿಡಿತ ಕೊನೆಗೆ, ಬಲಗೈಯ ಹೆಬ್ಬೆರಳನ್ನೂ ಬೆರಳುಗಳನ್ನೂ ಅಗಲಿಸಿ, ಅವರು ಉಸಿರು ಬಿಡುವಾಗ ಮೆಲ್ಲಗೆ. ಅಲ್ಲಿಯವರೆಗೆ ಮುಖದ ಕಡೆ ತಿರುಗಿದ್ದವರು ಈಗ ಪಾದದ ಕಡೆ ತಿರುಗಿ, ಎರಡೂ ಕೈಯಿಂದ ತಲೆ ಎಷ್ಟು ಇಳಿದಿದೆ ನೋಡಿ. ಇಡೀ ಹೊತ್ತು ನಿಮ್ಮ ಕಣ್ಣು ಅವರ ಮುಖದ ಮೇಲಿರಲಿ. ಹುಬ್ಬು ಗಂಟಿಕ್ಕಿದರೆ ನಿಮ್ಮ ಕೈ ಹೆಚ್ಚಾಯಿತು.

ಬೆನ್ನು ಸಿಕ್ಕಿದ ಮೇಲೆ ಮಾತ್ರ ಮಗುವಿನ ಎದೆಬಡಿತ. ಮೊದಲೇ ಎದೆಬಡಿತ ಕೇಳಿಸುವ ಡಾಪ್ಲರ್ ಯಂತ್ರ ಇಟ್ಟು ಸದ್ದು ಬಂದ ಕಡೆ ಬೆನ್ನು ಎಂದು ಬರೆಯುವುದು ಪರೀಕ್ಷೆಯಲ್ಲಿ ಉತ್ತರ ಪತ್ರಿಕೆ ಕದ್ದಂತೆ. ಆನ್‌ಲೈನಿನಲ್ಲಿ ಸಿಗುವ ಅಗ್ಗದ ಡಾಪ್ಲರ್‌ಗೆ ದುಡ್ಡು ಹಾಕಬೇಡಿ, ಹೊಟ್ಟೆಗಿಟ್ಟು ಕಿವಿಯಿಂದ ಕೇಳುವ ವಾರ್ಡಿನ ಫೀಟೋಸ್ಕೋಪಿಗೆ ಕಿವಿ ಪಳಗಿಸಿ. ನಿಮಿಷಕ್ಕೆ 110ರಿಂದ 160 ಸರಿ. ಕೇಳುವಾಗ ಒಂದು ಬೆರಳು ತಾಯಿಯ ಮಣಿಕಟ್ಟಿನ ನಾಡಿಯ ಮೇಲಿರಲಿ. ಎರಡೂ ಒಂದೇ ತಾಳದಲ್ಲಿದ್ದರೆ ನೀವು ಕೇಳುತ್ತಿರುವುದು ತಾಯಿಯ ರಕ್ತದ ಸದ್ದು.

ಒಬ್ಬ ತಾಯಿಗೆ ಇಬ್ಬರು ವಿದ್ಯಾರ್ಥಿಗಳು, ಅಷ್ಟೇ. ಆರೇಳು ಮಂದಿ ಸಾಲು ನಿಂತು ಮುಟ್ಟುವುದನ್ನು ಕಂಡಾಗಲೆಲ್ಲ ನಾನು ಸಿಡುಕಿದ್ದೇನೆ. ಅಂಗಾತ ಹೆಚ್ಚು ಹೊತ್ತು ಮಲಗಿದರೆ ಗರ್ಭದ ಭಾರ ದೊಡ್ಡ ರಕ್ತನಾಳದ ಮೇಲೆ ಬಿದ್ದು ತಲೆ ಸುತ್ತಿ ಬೆವರುತ್ತಾರೆ. ತಕ್ಷಣ ಎಡಮಗ್ಗುಲಿಗೆ ಹೊರಳಿಸಿ.

ಗಂಡೋ ಹೆಣ್ಣೋ ಎಂದು ಕೇಳುತ್ತಾರೆ. ಹೊಟ್ಟೆಯ ಆಕಾರ ನೋಡಿ ತಮಾಷೆಗೂ ಹೇಳಬಾರದು. ಭ್ರೂಣಲಿಂಗ ತಿಳಿಸುವುದನ್ನು 1994ರ ಕಾಯಿದೆ ನಿಷೇಧಿಸಿದೆ.

ಮಕ್ಕಳ ವಾರ್ಡು

ಮಗು ತಾಯಿಯ ಮಡಿಲಲ್ಲೇ ಇರಲಿ, ಸ್ಟೆತಸ್ಕೋಪು ಜೇಬಿನಲ್ಲಿರಲಿ. ಮೊದಲು ಉಸಿರು ಎಣಿಸಿ. ಅಂಗಿ ಎತ್ತಿಸಿ, ದೂರದಿಂದ, ಪೂರ್ತಿ ಒಂದು ನಿಮಿಷ. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವ ಚಾಳಿ ಬಿಡಿ, ಎಳೆಯ ಮಕ್ಕಳ ಉಸಿರಿಗೆ ಏಕತಾಳವಿಲ್ಲ. ಎರಡು ತಿಂಗಳೊಳಗೆ 60, ಒಂದು ವರ್ಷದೊಳಗೆ 50, ಐದು ವರ್ಷದೊಳಗೆ 40. ಅಷ್ಟು ಅಥವಾ ಅದಕ್ಕಿಂತ ಹೆಚ್ಚಿದ್ದರೆ ವೇಗದ ಉಸಿರು. ಅಳುವ ಮಗುವಿನ ಲೆಕ್ಕ ಲೆಕ್ಕವಲ್ಲ. ಮಲಗಿದ್ದರೆ ಎಬ್ಬಿಸಬೇಡಿ, ಅದೇ ಒಳ್ಳೆಯ ಸಮಯ.

ಆರು ತಿಂಗಳು ದಾಟಿದ ಮಕ್ಕಳ ಎಡತೋಳಿನ ನಡುಭಾಗದ ಸುತ್ತಳತೆ ತೆಗೆಯಿರಿ. 11.5 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ತೀವ್ರ ಅಪೌಷ್ಟಿಕತೆ. ಟೇಪು ಚರ್ಮಕ್ಕೆ ತಾಗಿದರೆ ಸಾಕು, ಬಿಗಿದು ಎಳೆದರೆ ಎಲ್ಲ ಮಕ್ಕಳೂ ಸೊರಗಿದವರೇ. ಹಾಡಿಯಿಂದ ಬಂದ ಮಗು ಬಿಳಿಚಿಕೊಂಡಿದ್ದರೆ ಕಬ್ಬಿಣಾಂಶದ ಸಿರಪ್ಪಿಗೆ ನಿಲ್ಲಬೇಡಿ, ಸಿಕಲ್ ಸೆಲ್ ಎಂಬ ಆನುವಂಶಿಕ ರಕ್ತದ ಕಾಯಿಲೆಯ ಪರೀಕ್ಷೆ ಆಗಿದೆಯೇ ಕೇಳಿ. ಬುಡಕಟ್ಟು ಜನರಲ್ಲಿ ಈ ಕಾಯಿಲೆ ಹೆಚ್ಚೆಂದೇ 2023ರಲ್ಲಿ ರಾಷ್ಟ್ರೀಯ ಅಭಿಯಾನ ಆರಂಭವಾದದ್ದು.

ಹೆರಿಗೆ ಕೋಣೆ

ಗೋಡೆಗೆ ಒರಗಿ ನಿಲ್ಲಬೇಡಿ, ತಾಯಿಯ ತಲೆಯ ಬಳಿ ನಿಲ್ಲಿ, ನೀರು ಕೊಡಿ. ಮೊಬೈಲ್ ಹೊರಗೆ. ಮಗು ಅತ್ತ ಮೇಲೆ ಎಲ್ಲರೂ ಮಗುವಿನತ್ತ ಓಡುತ್ತಾರೆ. ನೀವು ತಾಯಿಯ ರಕ್ತಸ್ರಾವ ನೋಡಿ. ಒಂದು ಗಂಟೆಯೊಳಗೆ ಮಗು ಎದೆಗೆ ಹತ್ತಿತೇ ಎಂದು ಗಮನಿಸಿ ಬರೆಯಿರಿ.

ಲಾಗ್‌ಬುಕ್ಕಿಗೆ ಸಹಿ ಅಂದಿನದು ಅಂದೇ ಆಗಲಿ. ಕೊನೆಯ ದಿನ ಡಾಕ್ಟರು ರಜೆಯಲ್ಲಿರುತ್ತಾರೆ, ಮತ್ತು ಖಾಲಿ ಪುಟಕ್ಕೆ ಸಹಿ ಹಾಕಿಸಿಕೊಡಿ ಎಂದು ಸಿಸ್ಟರನ್ನು ಕಾಡಿದರೆ ಬೈಗುಳ ಖಂಡಿತ.