ಎರಡು ಮನೆ, ಎರಡು ಕಂಪ್ಯೂಟರ್: ಆಂಟಿವೈರಸ್ ಆರಿಸಿಕೊಂಡ ನನ್ನ ಅನುಭವ

ನಮ್ಮ ಕುಟುಂಬದ ಲೆಕ್ಕಪತ್ರವೆಲ್ಲ ಎರಡು ಕಂಪ್ಯೂಟರ್‌ಗಳಲ್ಲಿದೆ. ಒಂದು ಚಿಕ್ಕಮಗಳೂರಿನ ಮನೆಯಲ್ಲಿದ್ದು, ಬ್ಯಾಂಕ್ ವ್ಯವಹಾರ, ಮಗಳ ಓದು, ಮನೆಮಂದಿಯ ಫೋಟೊಗಳು ಎಲ್ಲವೂ ಅದರಲ್ಲೇ ಇವೆ. ಇನ್ನೊಂದು ಆಲ್ದೂರಿನ ಆಚೆ, ಕಾಫಿ ತೋಟದ ಮನೆಯಲ್ಲಿದೆ. ನಮ್ಮ ರೈಟರು (ತೋಟದ ಗುಮಾಸ್ತರು) ಆಳುಗಳ ಹಾಜರಿ, ಕೂಲಿಯ ಪಟ್ಟಿಯಾದ ಚೆಕ್‌ರೋಲ್ ಬರೆಯುವುದೂ ಗೊಬ್ಬರ, ಔಷಧಿಗಳ ದಾಸ್ತಾನು ಇಡುವುದೂ ಅದರಲ್ಲಿ. ಪಟ್ಟಣದ ಮನೆಗೆ ಫೈಬರ್ ಸಂಪರ್ಕವಿದೆ. ತೋಟದಲ್ಲಿ ಮೊಬೈಲಿನ ಹಾಟ್‌ಸ್ಪಾಟೇ ಗತಿ, ಮಳೆಗಾಲ ಹಿಡಿದ ಮೇಲೆ ಅದನ್ನೂ ನಂಬುವಂತಿಲ್ಲ. ಇವೆರಡರ ನಡುವೆ ಓಡಾಡುವುದು ಒಂದು ಪೆನ್‌ಡ್ರೈವ್. ಆಂಟಿವೈರಸ್ ಆರಿಸಲು ಕುಳಿತಾಗ ನಾನು ಮುಂದಿಟ್ಟುಕೊಂಡದ್ದು ಈ ಸ್ಥಿತಿಯನ್ನೇ. ಆದ್ದರಿಂದಲೇ ಎರಡು ಯಂತ್ರಗಳಿಗೆ ಎರಡು ಬೇರೆ ಬೇರೆ ನಿರ್ಧಾರ ಮಾಡಬೇಕಾಯಿತು.

ಕಂಪ್ಯೂಟರ್ ಅಂಗಡಿಯಲ್ಲಿ ವಿಚಾರಿಸಿದರೆ ಬರುವ ಮೊದಲ ಮಾತು ಬಹುತೇಕ ಒಂದೇ: "ಮೂರು ವರ್ಷದ್ದು ಹಾಕಿಸಿಬಿಡಿ ಅಣ್ಣ, ಆಮೇಲೆ ತಲೆನೋವೇ ಇರಲ್ಲ." ಆ ಸಲಹೆಯಲ್ಲಿ ದುರುದ್ದೇಶವೇನೂ ಇಲ್ಲ. ಪುಣೆಯ ಕ್ವಿಕ್ ಹೀಲ್, ಚೆನ್ನೈನ ಕೆ7 ಮುಂತಾದ ನಮ್ಮ ದೇಶದ ತಂತ್ರಾಂಶಗಳು ತೊಂಬತ್ತರ ದಶಕದಿಂದಲೂ ಈ ಕೆಲಸದಲ್ಲಿವೆ ಮತ್ತು ಅವುಗಳ ಹೆಸರು ಎಲ್ಲರಿಗೂ ಗೊತ್ತಿದೆ. ಆದರೆ ಯಾವುದನ್ನು ಕೊಳ್ಳಬೇಕು ಎಂಬ ಪ್ರಶ್ನೆಗಿಂತ ಮೊದಲು, ನಮ್ಮ ಮನೆಗೆ ಅಪಾಯ ಯಾವ ದಾರಿಯಿಂದ ಬರುತ್ತದೆ ಎಂಬುದು ತಿಳಿಯಬೇಕು ಎಂದು ನನಗೆ ಅನ್ನಿಸಿತು. ಪಟ್ಟಣದ ಮನೆಗೆ ಅದು ಇಮೇಲಿನ ಲಗತ್ತುಗಳಿಂದ, ಎಲ್ಲೆಲ್ಲಿಂದಲೋ ಇಳಿಸಿಕೊಳ್ಳುವ ಫೈಲುಗಳಿಂದ, ನಕಲಿ ಜಾಲತಾಣಗಳಿಂದ ಬರಬಹುದು. ತೋಟದ ಮನೆಗೆ ಇರುವುದು ಒಂದೇ ಬಾಗಿಲು, ಪೆನ್‌ಡ್ರೈವ್.

ಪೆನ್‌ಡ್ರೈವಿನ ಸೋಂಕು ಹೇಗಿರುತ್ತದೆ ಎಂಬುದನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನಮ್ಮ ಕಡೆ ಇದೇ ಹೆಚ್ಚು. ಪಹಣಿಯ ಪ್ರತಿ ತೆಗೆಸಲೆಂದೋ ಅರ್ಜಿಯ ಮುದ್ರಣಕ್ಕೆಂದೋ ಜೆರಾಕ್ಸ್ ಅಂಗಡಿಗೆ ಹೋಗಿ ಬಂದ ಪೆನ್‌ಡ್ರೈವನ್ನು ತೆರೆದಾಗ, ನಮ್ಮ ಫೋಲ್ಡರಿನ ಹೆಸರು ಇದ್ದಲ್ಲೇ ಇರುತ್ತದೆ. ಆದರೆ ಚಿತ್ರದ ಮೂಲೆಯಲ್ಲಿ ಒಂದು ಸಣ್ಣ ಬಾಣದ ಗುರುತು ಮೂಡಿರುತ್ತದೆ, ಗಾತ್ರ ಒಂದೆರಡು ಕೆಬಿಗೆ ಇಳಿದಿರುತ್ತದೆ. ಅದು ಫೋಲ್ಡರ್ ಅಲ್ಲ, ಶಾರ್ಟ್‌ಕಟ್. ಬಲ ಗುಂಡಿ ಒತ್ತಿ ಪ್ರಾಪರ್ಟೀಸ್ ನೋಡಿದರೆ, ಟಾರ್ಗೆಟ್ ಎಂಬ ಜಾಗದಲ್ಲಿ ನಮ್ಮ ಫೋಲ್ಡರಿನ ಹಾದಿಯ ಬದಲು ವಿಂಡೋಸಿನ ಆಜ್ಞೆಯೊಂದು ಮತ್ತು ಅದರ ಹಿಂದೆ ಗುರುತು ಪರಿಚಯವಿಲ್ಲದ ಫೈಲೊಂದರ ಹೆಸರು ಕಾಣುತ್ತದೆ. ನಿಜವಾದ ಫೋಲ್ಡರನ್ನು ಅದು ಅಳಿಸಿರುವುದಿಲ್ಲ, ಕಣ್ಣಿಗೆ ಬೀಳದಂತೆ ಮರೆಮಾಡಿರುತ್ತದೆ. ಶಾರ್ಟ್‌ಕಟ್ ಒತ್ತಿದ ಕೂಡಲೇ ವೈರಸ್ ಮೊದಲು ಓಡುತ್ತದೆ, ಅನಂತರ ಫೋಲ್ಡರೂ ತೆರೆದುಕೊಳ್ಳುತ್ತದೆ. ಹೀಗಾಗಿ ಬಳಸುವವರಿಗೆ ಏನೂ ಅನುಮಾನ ಬರುವುದಿಲ್ಲ. ಹಿಂದೆ ಪೆನ್‌ಡ್ರೈವ್ ಸಿಕ್ಕಿಸಿದರೆ ಸಾಕು, ಆಟೊರನ್ ಮೂಲಕ ವೈರಸ್ ತಾನಾಗಿ ಓಡುತ್ತಿತ್ತು. ಮೈಕ್ರೋಸಾಫ್ಟ್ ಆ ಸೌಲಭ್ಯವನ್ನು ಪೆನ್‌ಡ್ರೈವ್‌ಗಳಿಗೆ ನಿಲ್ಲಿಸಿದ ಮೇಲೆ, ನಮ್ಮ ಕೈಯಿಂದಲೇ ಒತ್ತಿಸುವ ಈ ಉಪಾಯ ಹಬ್ಬಿತು.

ಇನ್ನು ಆಯ್ಕೆಯ ವಿಚಾರ. ವಿಂಡೋಸ್ 8ರಿಂದ ಈಚೆಗೆ ಡಿಫೆಂಡರ್ ಎಂಬ ಪೂರ್ಣ ಪ್ರಮಾಣದ ಆಂಟಿವೈರಸ್ ವಿಂಡೋಸ್ ಜೊತೆಗೇ ಬರುತ್ತದೆ. ಅದಕ್ಕೆ ಪ್ರತ್ಯೇಕ ಹಣವಿಲ್ಲ, ನವೀಕರಣದ ಗಡುವಿಲ್ಲ. ಬಹಳ ವರ್ಷ ಅದಕ್ಕೆ ಒಳ್ಳೆಯ ಹೆಸರಿರಲಿಲ್ಲ ಎಂಬುದು ನಿಜ. "ಅದು ಇದ್ದೂ ಇಲ್ಲದ ಹಾಗೆ" ಎಂದು ಈಗಲೂ ಹೇಳುವವರಿದ್ದಾರೆ. ಆ ಮಾತು ಇಂದಿಗೂ ನಿಲ್ಲುತ್ತದೆಯೇ ಎಂದು ತಿಳಿಯಲು ಮಾರುವವರ ಜಾಹೀರಾತು ನೋಡಿ ಪ್ರಯೋಜನವಿಲ್ಲ. ಸ್ವತಂತ್ರವಾಗಿ ಪರೀಕ್ಷೆ ನಡೆಸುವ ಸಂಸ್ಥೆಗಳಿವೆ: ಜರ್ಮನಿಯ ಮಾಗ್ಡೆಬುರ್ಗ್‌ನ ಎವಿ-ಟೆಸ್ಟ್, ಆಸ್ಟ್ರಿಯಾದ ಇನ್ಸ್‌ಬ್ರುಕ್‌ನ ಎವಿ-ಕಂಪ್ಯಾರಟಿವ್ಸ್. ಎವಿ-ಟೆಸ್ಟ್ ರಕ್ಷಣೆ, ವೇಗ, ಬಳಕೆಯ ಅನುಕೂಲ ಎಂಬ ಮೂರಕ್ಕೂ ತಲಾ 6ರಂತೆ 18 ಅಂಕಗಳ ಲೆಕ್ಕದಲ್ಲಿ ಫಲಿತಾಂಶ ಪ್ರಕಟಿಸುತ್ತದೆ, ಅದನ್ನು ಯಾರು ಬೇಕಾದರೂ ಉಚಿತವಾಗಿ ನೋಡಬಹುದು. ಒಂದೇ ತಿಂಗಳ ಅಂಕ ನೋಡಿ ನಿರ್ಧರಿಸದೆ, ಹಿಂದಿನ ಹಲವು ಸುತ್ತುಗಳನ್ನು ಒಟ್ಟಿಗೆ ನೋಡಿದೆ. ಡಿಫೆಂಡರ್ ಮೇಲಿನ ಸಾಲಿನಲ್ಲೇ ಸ್ಥಿರವಾಗಿ ನಿಂತಿತ್ತು.

ಹಾಗಾದರೆ ಎರಡೂ ಕಡೆ ಡಿಫೆಂಡರ್ ಸಾಕಲ್ಲವೇ ಎಂದುಕೊಳ್ಳುವಷ್ಟರಲ್ಲಿ ಎವಿ-ಕಂಪ್ಯಾರಟಿವ್ಸ್‌ನ ಕೋಷ್ಟಕದ ಒಂದು ಅಂಕಣ ನನ್ನನ್ನು ತಡೆಯಿತು. ಅವರ ಒಂದು ಪರೀಕ್ಷೆಯಲ್ಲಿ ಇಂಟರ್ನೆಟ್ ಇರುವಾಗ ಎಷ್ಟು ವೈರಸ್ ಪತ್ತೆಯಾಗುತ್ತದೆ, ಇಲ್ಲದಿರುವಾಗ ಎಷ್ಟು ಎಂಬುದನ್ನು ಬೇರೆ ಬೇರೆಯಾಗಿ ಕೊಡುತ್ತಾರೆ. ಇಂದಿನ ಆಂಟಿವೈರಸ್‌ಗಳು ತಮ್ಮ ತಿಳಿವಳಿಕೆಯನ್ನೆಲ್ಲ ನಮ್ಮ ಯಂತ್ರದಲ್ಲಿ ಇಟ್ಟುಕೊಂಡಿರುವುದಿಲ್ಲ. ಹೊಸ ಫೈಲು ಕಂಡಾಗ ಕಂಪನಿಯ ಸರ್ವರನ್ನು ಕೇಳಿ ತೀರ್ಮಾನ ಮಾಡುತ್ತವೆ. ಡಿಫೆಂಡರ್ ಈ ಪದ್ಧತಿಯನ್ನು ಬಹಳವಾಗಿ ನೆಚ್ಚಿಕೊಂಡಿದೆ. ನೆಟ್ ಇದ್ದಾಗ ಅದು ಉತ್ತಮವಾಗಿ ಕೆಲಸ ಮಾಡುತ್ತದೆ, ಇಲ್ಲದಿದ್ದಾಗ ಅದರ ಪತ್ತೆಯ ಪ್ರಮಾಣ ಎದ್ದು ಕಾಣುವಷ್ಟು ಇಳಿಯುತ್ತದೆ. ಬೆಂಗಳೂರಿನ ಮನೆಯೊಂದಕ್ಕೆ ಇದು ದೊಡ್ಡ ವಿಷಯವಲ್ಲದಿರಬಹುದು. ಆದರೆ ಆಷಾಢದ ಮಳೆಯಲ್ಲಿ ಕರೆಂಟು ಹೋಗಿ, ಟವರ್ ನಿಂತು, ಯುಪಿಎಸ್ ಮೇಲೆ ಚೆಕ್‌ರೋಲ್ ಮುಗಿಸಲು ಹೊರಟ ರೈಟರು ಪೆನ್‌ಡ್ರೈವ್ ಸಿಕ್ಕಿಸುವ ನಮ್ಮ ತೋಟದ ಮನೆಗೆ ಇದೇ ಮುಖ್ಯ ವಿಷಯ. ಮಲೆನಾಡಿನಲ್ಲಿ ಕಂಪ್ಯೂಟರ್ ಇಟ್ಟಿರುವವರೆಲ್ಲರೂ ಈ ಒಂದು ಅಂಕಣವನ್ನಾದರೂ ನೋಡಲೇಬೇಕೆಂದು ನಾನು ಒತ್ತಿ ಹೇಳುತ್ತೇನೆ.

ಆದ್ದರಿಂದ ಪಟ್ಟಣದ ಕಂಪ್ಯೂಟರಿಗೆ ಡಿಫೆಂಡರನ್ನೇ ಉಳಿಸಿಕೊಂಡೆ. ತೋಟದ ಕಂಪ್ಯೂಟರಿಗೆ, ನೆಟ್ ಇಲ್ಲದಾಗಲೂ ಆ ಕೋಷ್ಟಕದಲ್ಲಿ ಗಟ್ಟಿಯಾಗಿ ನಿಂತಿದ್ದ ರೊಮೇನಿಯಾದ ಬಿಟ್‌ಡಿಫೆಂಡರನ್ನು ಹಣ ಕೊಟ್ಟು ಹಾಕಿಸಿದೆ. ಹಣ ಕೊಡದೆ ಸಿಗುವ ಬೇರೆ ಕಂಪನಿಗಳ ಆಂಟಿವೈರಸ್‌ಗಳ ಕಡೆ ನಾನು ಹೋಗಲಿಲ್ಲ. ಬಹಳ ಜನ ಬಳಸುತ್ತಿದ್ದ ಅವಾಸ್ಟ್, ಬಳಕೆದಾರರು ಯಾವ ಯಾವ ತಾಣಗಳಿಗೆ ಹೋದರೆಂಬ ಮಾಹಿತಿಯನ್ನು ಜಂಪ್‌ಶಾಟ್ ಎಂಬ ತನ್ನ ಅಂಗಸಂಸ್ಥೆಯ ಮೂಲಕ ಮಾರುತ್ತಿದ್ದದ್ದು ಬಯಲಾಗಿ, 2020ರ ಜನವರಿಯಲ್ಲಿ ಆ ಅಂಗಸಂಸ್ಥೆಯನ್ನು ಮುಚ್ಚಬೇಕಾಯಿತು. 2024ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಇದೇ ಕಾರಣಕ್ಕೆ 1.65 ಕೋಟಿ ಡಾಲರ್ ಕಟ್ಟುವಂತೆ ಮಾಡಿತು. ನಮ್ಮನ್ನು ಕಾಯಬೇಕಾದವರೇ ನಮ್ಮ ಓಡಾಟದ ಲೆಕ್ಕ ಮಾರುವುದನ್ನು ನಾನು ಒಪ್ಪಲಾರೆ. ಯಾವ ಆಂಟಿವೈರಸ್ ಹಾಕಿದರೂ ಸೆಟ್ಟಿಂಗ್ಸ್‌ನಲ್ಲಿ ಮಾಹಿತಿ ಹಂಚಿಕೆಯ ಆಯ್ಕೆಗಳನ್ನು ಒಮ್ಮೆ ತೆರೆದು ನೋಡುವುದು ಒಳ್ಳೆಯದು.

ತೋಟದ ಕಂಪ್ಯೂಟರ್ ಹಳೆಯದು, 4 ಜಿಬಿ ರ‍್ಯಾಮ್, ತಿರುಗುವ ಹಾರ್ಡ್‌ಡಿಸ್ಕ್. ಯಾವ ಆಂಟಿವೈರಸ್ ಸ್ಕ್ಯಾನ್ ಶುರು ಮಾಡಿದರೂ ಟಾಸ್ಕ್ ಮ್ಯಾನೇಜರಿನಲ್ಲಿ ಡಿಸ್ಕ್ ಅಂಕಣ ನೂರು ಶೇಕಡಾಕ್ಕೆ ಏರಿ ಅಲ್ಲೇ ನಿಲ್ಲುತ್ತಿತ್ತು. ಎಕ್ಸೆಲ್ ಹಾಳೆ ತೆರೆಯುವುದೇ ಕಷ್ಟವಾಗುತ್ತಿತ್ತು. ಹೀಗಾದಾಗ ಜನ ಆಂಟಿವೈರಸ್ಸನ್ನೇ ದೂರಿ ತೆಗೆದುಹಾಕುತ್ತಾರೆ. ನಾನು ಹಾರ್ಡ್‌ಡಿಸ್ಕ್ ತೆಗೆಸಿ, ತಿರುಗುವ ಭಾಗವಿಲ್ಲದೆ ಬಹಳ ವೇಗವಾಗಿ ಓದಿ ಬರೆಯುವ ಎಸ್‌ಎಸ್‌ಡಿ ಹಾಕಿಸಿದೆ. ಇದಾದ ಮೇಲೆ ಸ್ಕ್ಯಾನ್ ನಡೆಯುತ್ತಿರುವುದು ರೈಟರಿಗೆ ಗೊತ್ತೂ ಆಗುವುದಿಲ್ಲ. ಮೂರು ವರ್ಷದ ಪರವಾನಗಿಗೆ ಹಣ ಎತ್ತಿಟ್ಟವರ ಕಂಪ್ಯೂಟರಿನಲ್ಲಿ ಇನ್ನೂ ಹಳೆಯ ಹಾರ್ಡ್‌ಡಿಸ್ಕ್ ಇದ್ದರೆ, ಒಂದೇ ವರ್ಷದ ಪರವಾನಗಿ ಕೊಂಡು ಉಳಿದದ್ದನ್ನು ಎಸ್‌ಎಸ್‌ಡಿಗೆ ಸೇರಿಸಿ ಎಂಬುದು ನನ್ನ ಅಭಿಪ್ರಾಯ.

ಒಂದೇ ಯಂತ್ರದಲ್ಲಿ ಎರಡು ಆಂಟಿವೈರಸ್ ಇಡಬಾರದು. ಒಂದು ತೆರೆದ ಫೈಲನ್ನು ಇನ್ನೊಂದು ಹಿಡಿಯಲು ಹೋಗಿ ಯಂತ್ರವೇ ಕುಂಟುತ್ತದೆ. ಬೇರೆ ಆಂಟಿವೈರಸ್ ಹಾಕಿದಾಗ ಡಿಫೆಂಡರ್ ತಾನಾಗಿ ಹಿಂದೆ ಸರಿಯುತ್ತದೆ, ಇದರಿಂದ ಆ ತೊಂದರೆ ತಪ್ಪುತ್ತದೆ. ಆದರೆ ಹೊಸ ಲ್ಯಾಪ್‌ಟಾಪ್‌ಗಳ ಜೊತೆ ಪ್ರಾಯೋಗಿಕವಾಗಿ ಬಂದು, ಅವಧಿ ಮುಗಿದ ಮೇಲೂ ಹಾಗೇ ಕುಳಿತಿರುವ ಆಂಟಿವೈರಸ್‌ಗಳನ್ನು ಪೂರ್ತಿ ತೆಗೆದುಹಾಕಿ, ಯಂತ್ರವನ್ನು ಮತ್ತೆ ಶುರು ಮಾಡಿ, ಡಿಫೆಂಡರ್ ಎಚ್ಚರವಾಗಿದೆಯೇ ಎಂದು ವಿಂಡೋಸ್ ಸೆಕ್ಯುರಿಟಿಯಲ್ಲಿ ಖಚಿತಪಡಿಸಿಕೊಳ್ಳಬೇಕು. ಹೀಗೆ ಖಚಿತಪಡಿಸಿಕೊಳ್ಳಲು ಐಕಾರ್ ಎಂಬ ಪರೀಕ್ಷಾ ಫೈಲೂ ಇದೆ. ಕೇವಲ 68 ಅಕ್ಷರಗಳ ಒಂದು ಸಾಲು, ಯಾವ ಹಾನಿಯನ್ನೂ ಮಾಡುವುದಿಲ್ಲ. ಎಲ್ಲ ಆಂಟಿವೈರಸ್‌ಗಳೂ ಅದನ್ನು ವೈರಸ್ ಎಂದೇ ಹಿಡಿಯಬೇಕೆಂಬ ಒಪ್ಪಂದವಿದೆ. ಎರಡೂ ಯಂತ್ರಗಳಲ್ಲಿ ನೋಟ್‌ಪ್ಯಾಡಿನಲ್ಲಿ ಆ ಸಾಲನ್ನು ಅಂಟಿಸಿ ಉಳಿಸಲು ಹೋದಾಗ ಎಚ್ಚರಿಕೆ ಬಂತು. ಆಂಟಿವೈರಸ್ ಜಾಗೃತವಾಗಿದೆ ಎಂಬುದಷ್ಟೇ ಇದರಿಂದ ತಿಳಿಯುತ್ತದೆ, ಅದರ ಸಾಮರ್ಥ್ಯದ ಅಳತೆ ಇದಲ್ಲ.

ಪಟ್ಟಣದ ಯಂತ್ರದಲ್ಲಿ ಡಿಫೆಂಡರನ್ನು ಇದ್ದ ಹಾಗೇ ಬಿಡಲಿಲ್ಲ. ರ‍್ಯಾನ್ಸಮ್‌ವೇರ್ ಎಂಬ ಬಗೆಯ ವೈರಸ್ ನಮ್ಮ ಫೈಲುಗಳಿಗೆಲ್ಲ ಬೀಗ ಜಡಿದು ಹಣ ಕೇಳುತ್ತದೆ. ಅದನ್ನು ತಡೆಯಲು ವಿಂಡೋಸ್ ಸೆಕ್ಯುರಿಟಿಯಲ್ಲಿ ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್ ಎಂಬ ಸೌಲಭ್ಯವಿದೆ. ಮೊದಲಿಗೆ ಅದು ಆಫ್ ಆಗಿರುತ್ತದೆ, ನಾವೇ ಆನ್ ಮಾಡಿಕೊಳ್ಳಬೇಕು. ಅನಂತರ ಒಪ್ಪಿಗೆಯಿಲ್ಲದ ಯಾವ ಪ್ರೋಗ್ರಾಮೂ ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಫೋಲ್ಡರ್‌ಗಳಲ್ಲಿ ಬರೆಯಲಾರದು. ಕೆಲವು ಹಳೆಯ ಪ್ರೋಗ್ರಾಮುಗಳು ಫೈಲು ಉಳಿಸಲಾಗದೆ ನಿಂತುಬಿಡುತ್ತವೆ, ಅವುಗಳಿಗೆ ಒಂದೊಂದಾಗಿ ಅನುಮತಿ ಕೊಡಬೇಕಾಗುತ್ತದೆ. ಮೊದಲ ವಾರ ಇದು ಕಿರಿಕಿರಿ, ಆಮೇಲೆ ಏನೂ ಇಲ್ಲ. ಡಿಫೆಂಡರ್ ಮುಖ್ಯ ಆಂಟಿವೈರಸ್ ಆಗಿರುವಲ್ಲಿ ಮಾತ್ರ ಈ ಸೌಲಭ್ಯ ಕೆಲಸ ಮಾಡುತ್ತದೆ ಎಂಬುದನ್ನು ನೆನಪಿಡಬೇಕು.

ಕನ್ನಡದಲ್ಲಿ ಟೈಪ್ ಮಾಡುವವರಿಗೆ ಇನ್ನೊಂದು ಅನುಭವ ಆಗಬಹುದು. ಆಯ್ಕೆಯ ಸಮಯದಲ್ಲಿ ಪರೀಕ್ಷೆಗೆಂದು ಹಾಕಿ ನೋಡಿದ ಒಂದು ಆಂಟಿವೈರಸ್, ನಾವು ಬಹುಕಾಲದಿಂದ ಬಳಸುತ್ತಿದ್ದ ಕನ್ನಡ ಟೈಪಿಂಗ್ ತಂತ್ರಾಂಶವನ್ನೇ ವೈರಸ್ ಎಂದು ತಿಳಿದು ಕ್ವಾರಂಟೈನಿಗೆ, ಅಂದರೆ ಫೈಲು ಓಡದಂತೆ ಕೂಡಿಡುವ ಜಾಗಕ್ಕೆ, ತಳ್ಳಿತು. ಇಂಗ್ಲಿಷ್ ಕೀಲಿಯನ್ನು ಕನ್ನಡ ಅಕ್ಷರವಾಗಿಸಲು ಇಂಥ ತಂತ್ರಾಂಶ ಪ್ರತಿಯೊಂದು ಕೀಲಿಯ ಒತ್ತನ್ನೂ ಗಮನಿಸುತ್ತಿರಬೇಕಾಗುತ್ತದೆ. ಪಾಸ್‌ವರ್ಡ್ ಕದಿಯುವ ಕೀಲಾಗರ್‌ಗಳೂ ಅದನ್ನೇ ಮಾಡುತ್ತವೆ, ಆದ್ದರಿಂದ ಅನುಮಾನ ಬರುವುದು ಸಹಜ. ಹಾಗೆಂದು ಕಣ್ಣು ಮುಚ್ಚಿ ಅನುಮತಿ ಕೊಡುವುದೂ ಸರಿಯಲ್ಲ. ಆ ಫೈಲನ್ನು ಗೂಗಲ್ ಒಡೆತನದ ವೈರಸ್‌ಟೋಟಲ್ ತಾಣಕ್ಕೆ ಹಾಕಿದೆ. ಅಲ್ಲಿ ಹತ್ತಾರು ಆಂಟಿವೈರಸ್‌ಗಳ ಅಭಿಪ್ರಾಯ ಒಟ್ಟಿಗೆ ಸಿಗುತ್ತದೆ, ಒಂದೆರಡನ್ನು ಬಿಟ್ಟು ಉಳಿದ ಯಾವುವೂ ತಕರಾರು ಮಾಡಲಿಲ್ಲ. ಆಮೇಲೆ, ತಯಾರಕರ ಅಧಿಕೃತ ತಾಣದಿಂದ ಹೊಸ ಪ್ರತಿ ಇಳಿಸಿಕೊಂಡು ಹಾಕಿದೆ. ವೈರಸ್‌ಟೋಟಲ್‌ಗೆ ಹಾಕಿದ ಫೈಲು ಬೇರೆಯವರಿಗೂ ಸಿಗಬಹುದಾದ್ದರಿಂದ ಬ್ಯಾಂಕಿನ ಕಾಗದ, ಆಧಾರ್ ಪ್ರತಿಗಳನ್ನು ಅಲ್ಲಿ ಹಾಕಬಾರದು.

ಆಂಟಿವೈರಸ್ ಎಷ್ಟೇ ಒಳ್ಳೆಯದಿದ್ದರೂ ವಿಂಡೋಸ್ ಹಳೆಯದಾದರೆ ಕಾವಲಿಗೆ ಅರ್ಥವಿಲ್ಲ. 2017ರ ಮೇ ತಿಂಗಳಲ್ಲಿ ಜಗತ್ತಿನಾದ್ಯಂತ ಹಬ್ಬಿದ ವನ್ನಾಕ್ರೈ ಎಂಬ ರ‍್ಯಾನ್ಸಮ್‌ವೇರ್ ಬಳಸಿಕೊಂಡ ದೋಷಕ್ಕೆ ಮೈಕ್ರೋಸಾಫ್ಟ್ ಅದೇ ವರ್ಷದ ಮಾರ್ಚಿನಲ್ಲೇ ತೇಪೆ ಬಿಡುಗಡೆ ಮಾಡಿತ್ತು. ಸಿಕ್ಕಿಬಿದ್ದವು ಅಪ್‌ಡೇಟ್ ಆಗದೆ ಉಳಿದಿದ್ದ ಯಂತ್ರಗಳು. ತೋಟದ ಕಂಪ್ಯೂಟರ್ ವಿಂಡೋಸ್ 11ಕ್ಕೆ ಹೊಂದುವುದಿಲ್ಲ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದದ್ದರಿಂದ, ಮನೆಬಳಕೆಯವರಿಗೆ ಕೊಟ್ಟ ಒಂದು ವರ್ಷದ ವಿಸ್ತರಣೆಗೆ ಅದನ್ನು ಸೇರಿಸಿದ್ದೇನೆ. ಅಪ್‌ಡೇಟ್‌ಗೆ ಹಾಟ್‌ಸ್ಪಾಟಿನ ಡೇಟಾ ಸಾಲದಾದಾಗ ಯಂತ್ರವನ್ನೇ ಜೀಪಿನಲ್ಲಿ ಪಟ್ಟಣಕ್ಕೆ ತಂದು ಒಂದು ರಾತ್ರಿ ಫೈಬರ್‌ಗೆ ಜೋಡಿಸಿಡುತ್ತೇನೆ.

ಬ್ಯಾಕಪ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ವಾರದ ಬಟವಾಡೆ ಮುಗಿದ ಸಂಜೆ ರೈಟರು ಚೆಕ್‌ರೋಲನ್ನು ಹೊರಗಿನ ಹಾರ್ಡ್‌ಡಿಸ್ಕಿಗೆ ನಕಲು ಮಾಡಿ, ತಂತಿ ಬಿಚ್ಚಿ, ಬೀರುವಿನಲ್ಲಿ ಇಡುತ್ತಾರೆ. ತಂತಿ ಬಿಚ್ಚುವುದು ಮುಖ್ಯ, ಏಕೆಂದರೆ ಜೋಡಿಸಿಟ್ಟ ಡಿಸ್ಕಿಗೂ ರ‍್ಯಾನ್ಸಮ್‌ವೇರ್ ಬೀಗ ಹಾಕುತ್ತದೆ.

ಬ್ಯಾಂಕಿನವರೆಂದು ಕರೆ ಮಾಡಿ, ನಮ್ಮ ಪರದೆಯನ್ನು ದೂರದಿಂದ ನಡೆಸುವ ತಂತ್ರಾಂಶ ಹಾಕಿಸಿಕೊಳ್ಳುವವರನ್ನು ಯಾವ ಆಂಟಿವೈರಸ್ಸೂ ತಡೆಯಲಾರದು. ಆ ತಂತ್ರಾಂಶ ಕಾನೂನುಬದ್ಧವಾದದ್ದು, ಹಾಕಿದವರೂ ನಾವೇ. ಇದನ್ನು ಮನೆಯಲ್ಲಿ ಎಲ್ಲರಿಗೂ ಹೇಳಿದ್ದೇನೆ, ಹಣ ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕೆಂದು ಆ ಸಂಖ್ಯೆಯನ್ನು ಮಾನಿಟರಿನ ಪಕ್ಕದಲ್ಲೇ ಬರೆದು ಅಂಟಿಸಿದ್ದೇನೆ.

ಬಿಟ್‌ಡಿಫೆಂಡರಿನ ಪರವಾನಗಿ ತೆಗೆದುಕೊಂಡ ದಿನವೇ ತಾನಾಗಿ ನವೀಕರಣವಾಗುವ ಆಯ್ಕೆಯನ್ನು ತೆಗೆದುಹಾಕಿದೆ. ಮೊದಲ ವರ್ಷದ ರಿಯಾಯಿತಿ ಎರಡನೆಯ ವರ್ಷ ಇರುವುದಿಲ್ಲ, ಆದ್ದರಿಂದ ಅವಧಿ ಮುಗಿಯುವ ಮುನ್ನ ಹೊಸ ಪರೀಕ್ಷಾ ಫಲಿತಾಂಶ ನೋಡಿ ಮತ್ತೆ ತೀರ್ಮಾನಿಸುವುದೇ ಸರಿ. ಆಂಟಿವೈರಸ್ ಅವಧಿ ಮುಗಿಯಿತು, ಇಲ್ಲಿ ಒತ್ತಿ ಹಣ ಕಟ್ಟಿ ಎಂದು ಬರುವ ಇಮೇಲ್‌ಗಳಲ್ಲಿ ನಕಲಿಗಳೇ ಬಹಳ. "ಅಂಥದ್ದು ಬಂದರೆ ಮುಟ್ಟಬೇಡಿ ರೈಟ್ರೇ, ನನಗೊಂದು ಫೋನ್ ಮಾಡಿ" ಎಂದು ತಿಳಿಸಿದ್ದೇನೆ. ಎಷ್ಟು ದಿನ ಉಳಿದಿದೆ ಎಂಬುದನ್ನು ಆ ತಂತ್ರಾಂಶದ ಕಿಟಕಿಯನ್ನೇ ತೆರೆದು ನೋಡಿಕೊಳ್ಳುತ್ತೇವೆ.