ಹಳೆಯ ಜೋಡುನಳಿಗೆ ಕೋವಿಯಲ್ಲಿ ಆಮೇಲಿನ ಕೈಕೆಲಸ ಪತ್ತೆ: ನನ್ನ ಅನುಭವ

ಪ್ರೂಫ್ ಮುದ್ರೆ (ನಳಿಗೆಯ ಬಲ ಪರೀಕ್ಷಿಸಿ ಒತ್ತುವ ಗುರುತು) ನೋಡಿ ಕಾಲ ಹೇಳಬಹುದು, ಆಮೇಲೆ ಏನೇನು ಮಾಡಿದ್ದಾರೆ ಅನ್ನುವುದು ಬೆಸುಗೆ ಬಿಚ್ಚದೆ ತಿಳಿಯದು ಅನ್ನುವವರೇ ಹೆಚ್ಚು. ತಿಳಿಯುತ್ತದೆ. ಮುದ್ರೆಯ ಅಂಕಿಯನ್ನೂ ಇವತ್ತಿನ ಅಳತೆಯನ್ನೂ ಪಕ್ಕಪಕ್ಕ ಬರೆದುಕೊಂಡರೆ ಸಾಕು. ಕೊಡಗಿನಿಂದ ನನ್ನ ಕೈಗೆ ಬರುವ, ಕಲ್ಕತ್ತೆಯ ಮ್ಯಾಂಟನ್, ರೋಡಾ ಅಂಗಡಿಗಳ ಹೆಸರಿರುವ ಬರ್ಮಿಂಗ್‌ಹ್ಯಾಮ್ ಕೋವಿಗಳಿಗೆ ಈ ದಾರಿ ಕೈಕೊಟ್ಟಿಲ್ಲ.

ನಳಿಗೆಯಡಿ ‘12ಬಿ’, ‘14ಎಂ’, ‘ನಾಟ್ ಫಾರ್ ಬಾಲ್’ ಇದ್ದರೆ ಅದು 1875ರಿಂದ 1887ರ ನಡುವಿನ ಪ್ರೂಫ್, ಚೋಕ್ ಇಟ್ಟ, ಅಂದರೆ ಬಾಯಿಯ ಬಳಿ ಬಿಗಿ ಮಾಡಿದ ನಳಿಗೆ. ‘ಬಿ’ ಅಂದರೆ ಬೋರ್, ನಳಿಗೆಯ ಒಳವ್ಯಾಸ; ‘ಎಂ’ ಅಂದರೆ ಬಾಯಿ. 12 ಅಂದರೆ 729 ಥೌ (ಇಂಚಿನ ಸಾವಿರದಲ್ಲೊಂದು ಭಾಗ), 14 ಅಂದರೆ 693. ಬಾಯಿ ಸುಮಾರು 36 ಥೌ ಬಿಗಿಯಿರಬೇಕು. ಈಗ ಬಾಯಲ್ಲೂ 730 ಬಂದರೆ ನಳಿಗೆ ಕತ್ತರಿಸಿದ್ದಾರೆ, ಇಲ್ಲವೇ ಒಳಗಿಂದ ಚೋಕ್ ಕೊರೆದು ತೆಗೆದಿದ್ದಾರೆ. ಕತ್ತರಿಸಿದ್ದರೆ ಎರಡು ಬಾಯಿಗಳ ನಡುವೆ ಸಂದು ಉಳಿಯುತ್ತದೆ. ಅದಕ್ಕೆ ಸೀಸ-ತವರ ತುಂಬಿ ಕಪ್ಪು ಬಳಿದಿರುತ್ತಾರೆ, ಸೂಜಿ ಮೊನೆ ಒತ್ತಿದರೆ ಇಳಿಯುತ್ತದೆ. ಬಾಯಿಗಳು ಒಂದಕ್ಕೊಂದು ತಾಗಿಕೊಂಡೇ ಇದ್ದರೆ ಕೊರೆದದ್ದು.

ಬೋರ್ ಅಳೆಯುವ ವಿದೇಶಿ ಡಯಲ್ ಗೇಜಿಗೆ ತೆರಿಗೆ ಸೇರಿ ನಲವತ್ತು ಸಾವಿರದ ಹತ್ತಿರ ಹೋಗುತ್ತದೆ. ನಾನು ಲೇತಿನಲ್ಲಿ 710, 719, 729, 740 ಥೌ ಹಿತ್ತಾಳೆ ಪ್ಲಗ್ (ಕಡ್ಡಿಗೆ ಸಿಕ್ಕಿಸಿ ನಳಿಗೆಯೊಳಗೆ ಇಳಿಸುವ ಅಳತೆಯ ತುಂಡು) ಮಾಡಿಸಿದೆ, ಐದಾರು ಸಾವಿರದಲ್ಲಿ ಮುಗಿಯಿತು. ಉದ್ದ ಅರ್ಧ ಇಂಚು ಮೀರಬಾರದು. ಉದ್ದ ಪ್ಲಗ್ ಸಣ್ಣ ನೆಗ್ಗಿಗೇ ಸಿಕ್ಕಿಕೊಂಡು ಬೋರ್ ಕಿರಿದೆಂದು ತೋರಿಸುತ್ತದೆ. ಒಣಗಿದ ಗ್ರೀಸು, ಸೀಸದ ಪದರವೂ ಹಾಗೇ ಮೋಸ ಮಾಡುತ್ತವೆ, ಮೊದಲು ಉಜ್ಜಿ ತೆಗೆಯಬೇಕು. ಕಡ್ಡಿಗೆ 9 ಇಂಚಿನಲ್ಲಿ ಗುರುತು ಹಾಕಿ ಹಿಂಬದಿಯಿಂದ ಇಳಿಸಿ. ಪ್ರೂಫ್‌ನವರು ಅಳೆಯುವ ಜಾಗ ಅದೇ. ತುಕ್ಕಿನ ಗುಳಿಗಳು ಮಾತ್ರ ಪ್ಲಗ್‌ಗೆ ಸಿಗವು, ಅಲ್ಲಿ ಡಯಲ್ಲೇ ಬೇಕು. ನಳಿಗೆಯ ಗೋಡೆಯ ದಪ್ಪ ಎಲ್ಲಾದರೂ 20 ಥೌ ಕೆಳಗಿಳಿದಿದ್ದರೆ ತೋಟೆ ಹಾಕುವ ಮಾತೇ ಬೇಡ.

ಚೇಂಬರ್ (ತೋಟೆ ಕೂರುವ ಜಾಗ) ಉದ್ದ ಮಾಡಿದ್ದನ್ನು ಹಿಡಿಯುವುದು ಇನ್ನೂ ಸುಲಭ. ತೆಳು ಉಕ್ಕಿನ ಸ್ಕೇಲನ್ನು ಗೋಡೆಗೆ ಒತ್ತಿ ನೂಕಿದರೆ ಕೋನ್ (ಚೇಂಬರ್ ಬೋರಿಗೆ ಕಿರಿದಾಗುವ ಭಾಗ) ಶುರುವಾಗುವಲ್ಲಿ ತಡೆಯುತ್ತದೆ. ಮುದ್ರೆ ಎರಡೂವರೆ ಇಂಚು ಅನ್ನುತ್ತಿದ್ದು ಸ್ಕೇಲು 70 ಮಿ.ಮೀ. ತೋರಿಸಿದರೆ ಆಮೇಲೆ ಕೊರೆದದ್ದು. ಸಲ್ಫರ್ ಅಚ್ಚನ್ನೂ ಹಲ್ಲಿನ ವೈದ್ಯರ ಸಿಲಿಕೋನ್ ಪುಟ್ಟಿಯನ್ನೂ ಹಾಕಿ ನೋಡಿದೆ. ಸಲ್ಫರ್ ಬೇಗ ಒಡೆಯುತ್ತದೆ. ಪುಟ್ಟಿಯಲ್ಲಿ ರೀಮರಿನ (ಕೊರೆಯುವ ಉಪಕರಣದ) ಗೆರೆ ಕೂಡ ಮೂಡುತ್ತದೆ, ಅದಕ್ಕೆ ಕೊಟ್ಟ ದುಡ್ಡು ದಂಡವಲ್ಲ.

ಹಳೆಯ ಹಿಂಬದಿಗೆ ಹೊಸ ನಳಿಗೆ ಕೂರಿಸಿದ್ದರೆ, ಅಂದರೆ ಸ್ಲೀವ್ ಮಾಡಿದ್ದರೆ, ಚೇಂಬರಿನ ಮುಂದೆ, ಹಿಂಬದಿಯ ತುದಿಯಿಂದ ಸುಮಾರು ಮೂರು ಇಂಚಿನಲ್ಲಿ ಉಂಗುರದಂಥ ಗೆರೆ ಇರುತ್ತದೆ. ಎದುರಿನ ಬೆಳಕಿಗೆ ಕಾಣದು. ಎಣ್ಣೆಯನ್ನು ಅಸಿಟೋನಿನಲ್ಲಿ ಒರೆಸಿ, ಟಾರ್ಚನ್ನು ನಳಿಗೆಗೆ ಮಲಗಿಸಿ ಹಿಡಿಯಿರಿ. ವೆಲ್ಡ್ ಮಾಡಿ ಮೇಲೆ ಕೆತ್ತನೆ ಎಳೆದ ಸ್ಲೀವನ್ನೂ ಹಿಡಿಯುತ್ತೇನೆ. ಆ ಉಪಾಯ ಇಲ್ಲಿ ಬರೆಯುವುದಿಲ್ಲ.

ನನಗೆ ಅತಿ ಇಷ್ಟದ ಕೆಲಸ ಪಿನ್‌ಫೈರ್ (ತೋಟೆಯ ಪಕ್ಕದಿಂದ ಚಾಚಿದ ಪಿನ್ನಿಗೆ ಹ್ಯಾಮರ್ ಬಡಿಯುವ) ಕೋವಿಯನ್ನು ಸೆಂಟರ್‌ಫೈರ್ (ತೋಟೆಯ ಬುಡದ ನಡುವಿಗೆ ಬಡಿಯುವಂತೆ) ಮಾಡಿದ್ದನ್ನು ಹಿಡಿಯುವುದು. ಹಿಂಬದಿಯ ಮೇಲಂಚಿನಲ್ಲಿ ಪಿನ್ನಿನ ಕಚ್ಚಿಗೆ ಉಕ್ಕಿನ ತುಂಡು ತುಂಬಿರುತ್ತಾರೆ, ಅದರ ಬಣ್ಣ ಸುತ್ತಲಿನದಕ್ಕೆ ಹೊಂದುವುದೇ ಇಲ್ಲ. ಹ್ಯಾಮರಿನ ಮೂಗು ಮೊಂಡಾಗಿರುತ್ತದೆ. ಪಿನ್‌ಫೈರಿಗೆ ಎಕ್ಸ್‌ಟ್ರಾಕ್ಟರ್ (ತೋಟೆಯನ್ನು ಹೊರಗೆ ತಳ್ಳುವ ಭಾಗ) ಬೇಕಿರಲಿಲ್ಲ. ಹೊಸದಾಗಿ ಕೂರಿಸಿದ್ದರ ಕೊರೆತ ಹಳೆಯ ಪ್ರೂಫ್ ಮುದ್ರೆಯ ಅಂಚನ್ನು ತಿಂದಿದ್ದರೆ ಮುದ್ರೆ ಮೊದಲು, ಕೊರೆತ ಆಮೇಲೆ.

ಡಮಾಸ್ಕಸ್ (ಕಬ್ಬಿಣ, ಉಕ್ಕಿನ ಪಟ್ಟಿ ಸುತ್ತಿ ಬೆಸೆದ) ನಳಿಗೆ ಕಡುಕಪ್ಪಾಗಿದ್ದರೆ ಬಿಸಿ ಕಾಸ್ಟಿಕ್ ಬ್ಲೂಯಿಂಗಿನ (ಕಾಸ್ಟಿಕ್ ದ್ರಾವಣದಲ್ಲಿ ಕುದಿಸಿ ಕಪ್ಪು ಬಣ್ಣ ಬರಿಸಿದ್ದರ) ಸಂಶಯ ಇಟ್ಟುಕೊಳ್ಳಿ. ಅದು ರಿಬ್ಬಿನ (ಎರಡು ನಳಿಗೆಗಳ ನಡುವಿನ ಪಟ್ಟಿಯ) ಬೆಸುಗೆಯನ್ನು ತಿನ್ನುತ್ತದೆ. ನಳಿಗೆಯನ್ನು ಅದರ ಅಡಿಯ ಕೊಕ್ಕೆಯಂಥ ಲಂಪಿನಿಂದ ದಾರದಲ್ಲಿ ತೂಗುಬಿಟ್ಟು ಬೆರಳ ಗೆಣ್ಣಿನಲ್ಲಿ ತಟ್ಟಿ. ನಾದ ಬರದೆ ಟಪ್ಪೆಂದರೆ ರಿಬ್ ಬಿಟ್ಟಿದೆ.